ನೆಪ ಕಳೆದುಕೊಂಡ ಬೈಂಡರ್

ಬೈಂಡರ್ ಒಂದೇ ಸಲಕ್ಕೆ ಎರಡು ಉಂಡೆ ದಾರ ಕೊಂಡದ್ದನ್ನು ನಮ್ಮ ಬೀದಿಯಲ್ಲಿ ಕಂಡವರಿಲ್ಲ. ರಟ್ಟು ಬೇಕಾದರೆ ಅಂದಿನ ಕೆಲಸಕ್ಕೆ ಆಗುವಷ್ಟು, ಅಂಟು ಕುದಿಸಲು ಹಿಟ್ಟು ಬೇಕಾದರೆ ಅಂಗೈಯಗಲದ ಪೊಟ್ಟಣ. ಸಕ್ಕರೆಗೆಂದು ಬಂದವನು ಸೋಪನ್ನು ಜೊತೆಗೆ ಒಯ್ಯುತ್ತಿರಲಿಲ್ಲ. ಸೋಪಿಗಾಗಿ ಮರುದಿನ ಮತ್ತೆ ಬರುತ್ತಿದ್ದ.

"ಎರಡೂ ಒಟ್ಟಿಗೆ ಒಯ್ದರೆ ಕೈ ಸವೆದು ಹೋಗುತ್ತಾ?" ಎಂದು ಮೂಲೆಯಂಗಡಿಯವನು ಕೆಣಕುತ್ತಿದ್ದ.

"ಭಾರ ಆಗುತ್ತೆ ಮಾರಾಯಾ," ಎನ್ನುತ್ತಿದ್ದ ಬೈಂಡರ್.

ಒಂದು ಸೋಪಿನ ಭಾರ! ದಿನವಿಡೀ ನಿಘಂಟುಗಳನ್ನೂ ಕಡತಗಳ ಕಟ್ಟುಗಳನ್ನೂ ಎತ್ತಿಳಿಸುವ ತೋಳು ಆತನದು. ಜಿಪುಣನೆಂದು ಕೆಲವರು, ಮರೆವಿನವನೆಂದು ಕೆಲವರು ಅಂದುಕೊಂಡಿದ್ದರು. ಎರಡೂ ಅಲ್ಲ. ಎಲ್ಲವನ್ನೂ ಒಂದೇ ದಿನ ತಂದುಬಿಟ್ಟರೆ ಮರುದಿನ ಮನೆಯಿಂದ ಹೊರಬೀಳಲು ಆತನಿಗೆ ನೆಪವೇ ಉಳಿಯುತ್ತಿರಲಿಲ್ಲ.

ಆತನ ಪರಿಚಯ ನನಗೆ ಆದದ್ದು ಶಾಲೆಯ ಗ್ರಂಥಾಲಯದ ದೆಸೆಯಿಂದ. ಮಕ್ಕಳ ಕೈಯಲ್ಲಿ ಬೆನ್ನು ಕಿತ್ತು, ಮೂಲೆ ಮಡಿಚಿ, ಹಾಳೆ ಹಾಳೆಯಾದ ಪುಸ್ತಕಗಳನ್ನು ಗೋಣಿಯಲ್ಲಿ ತುಂಬಿ ವರ್ಷಕ್ಕೊಮ್ಮೆ ಆತನ ಮಳಿಗೆಗೆ ಕಳುಹಿಸುತ್ತಿದ್ದೆವು. ಹಿಂದಿರುಗುವಾಗ ಅವು ಶಾಲೆಯ ಮೊದಲ ದಿನ ಹೊಸ ಅಂಗಿ ತೊಟ್ಟು ಬಂದ ಮಕ್ಕಳ ಹಾಗೆ ಮೈ ಬಿಗಿದು ನಿಲ್ಲುತ್ತಿದ್ದವು. ಹಳೆಯ ಮುದ್ರಣಾಲಯದ ಹಿಂದಿನ ಓಣಿಯಲ್ಲಿತ್ತು ಆ ಮಳಿಗೆ. ಮದುವೆಯ ಮಾತು ಬಂದಾಗಲೆಲ್ಲ ಆತ, "ಈ ಅಂಟಿನ ವಾಸನೆಗೆ ಯಾರು ಬರ್ತಾರೆ ಮೇಷ್ಟ್ರೇ?" ಎಂದು ನಕ್ಕು, ನಗುನಗುತ್ತಲೇ ಐವತ್ತು ದಾಟಿದ. ನಾನು ನಿವೃತ್ತನಾದ ಮೇಲೆ ಬಾಡಿಗೆಗೆ ಹಿಡಿದ ಮನೆಯ ಮೇಲಿನ ಮಹಡಿಯಲ್ಲಿಯೇ ತಾಯಿಯೂ ಮಗನೂ ಇದ್ದರು.

ತಾಯಿ ಹಿಂದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಒಬ್ಬರ ಮಾತನ್ನು ಇನ್ನೊಬ್ಬರ ತಂತಿಗೆ ಜೋಡಿಸಿ ಕೊಡುವುದರಲ್ಲಿಯೇ ಅವರ ಯೌವನ ಕಳೆದಿತ್ತು. ವಯಸ್ಸಿನಲ್ಲಿ ಕಣ್ಣು ಮಂಕಾದರೂ ಕಿವಿ ಮಾತ್ರ ಹೊಸ ಕತ್ತರಿಯಷ್ಟು ಚುರುಕು. ಮಂಚದ ಮೇಲೆ ಮಲಗಿದ್ದಂತೆಯೇ, ಮೆಟ್ಟಿಲು ಹತ್ತುತ್ತಿರುವವರು ಯಾರು, ಕೈಯಲ್ಲಿ ಚೀಲವಿದೆಯೇ ಇಲ್ಲವೇ, ಮನೆಯಲ್ಲಿ ಜಗಳವಾಡಿ ಬಂದಿದ್ದಾರೆಯೇ ಎಂಬುದನ್ನೆಲ್ಲ ಹೇಳುತ್ತಿದ್ದರು. ದಿನವೂ ಸಂಜೆ ಅವರಿಗೆ ಪತ್ರಿಕೆ ಓದಿ ಹೇಳಲು ನಾನು ಮೇಲೆ ಹೋಗುವುದಿತ್ತು. ಬಾಗಿಲು ತಟ್ಟುವ ಮೊದಲೇ ಒಳಗಿನಿಂದ, "ಮೇಷ್ಟ್ರೇ, ಇವತ್ತು ಎಡಗಾಲು ಎಳೀತಿದೀರಿ," ಎಂಬ ಮಾತು ಬರುತ್ತಿತ್ತು.

ಅವರು ಮಂಚ ಹಿಡಿದದ್ದು ಹೀಗೆ. ಒಂದು ಮಧ್ಯಾಹ್ನ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಮಗ ಮಳಿಗೆಯಲ್ಲಿದ್ದ. ಸಂಜೆ ಆತ ಬಂದು ಬಾಗಿಲು ತೆರೆಯುವವರೆಗೆ ಅವರು ಒದ್ದೆ ನೆಲದ ಮೇಲೆಯೇ ಇದ್ದರು. ಆಸ್ಪತ್ರೆಯಲ್ಲಿ, ನೋವಿನ ಮದ್ದು ಇಳಿದಿದ್ದ ಹೊತ್ತಿನಲ್ಲಿ, "ನೀನು ಮನೇಲಿದ್ದಿದ್ರೆ ನಂಗೀ ಗತಿ ಬರ್ತಿರ್ಲಿಲ್ಲ," ಎಂದರಂತೆ. ಒಮ್ಮೆ ಮಾತ್ರ. ಆಮೇಲೆ ಆ ಮಾತನ್ನು ಅವರು ಎತ್ತಲಿಲ್ಲ, ಆತ ಮರೆಯಲಿಲ್ಲ. ತಾಯಿ ಮನೆಗೆ ಬರುವಷ್ಟರಲ್ಲಿ ಮಳಿಗೆಯ ಬೀಗದ ಕೈಯನ್ನು ಮಾಲೀಕನಿಗೆ ಒಪ್ಪಿಸಿ, ಪುಸ್ತಕ ಒತ್ತುವ ಕಬ್ಬಿಣದ ಪ್ರೆಸ್ಸನ್ನು ಹಮಾಲರ ಹೆಗಲ ಮೇಲೆ ಮಹಡಿಗೆ ಏರಿಸಿದ್ದ.

ಅಂದಿನಿಂದ ಮುಂದಿನ ಕೋಣೆಯೇ ಲೋಕವಾಯಿತು. ಕಿಟಕಿಯ ಪಕ್ಕದಲ್ಲಿ ತಾಯಿಯ ಮಂಚ; ಎದುರು ಗೋಡೆಗೆ ಮಗನ ಮೇಜು, ಪ್ರೆಸ್ಸು, ರಟ್ಟು ಕತ್ತರಿಸುವ ಅಲಗು. ಆತ ಸೂಜಿಯಿಂದ ತಲೆಯೆತ್ತಿದರೆ ತಾಯಿಯ ಮುಖ; ಅವರು ಮಗ್ಗುಲಾದರೆ ಮಗನ ಬೆನ್ನು. ಆತ ಕೆಮ್ಮಿದರೆ ಅವರು ಶುಂಠಿಯ ಮಾತೆತ್ತುವರು, ಅವರು ನಿಟ್ಟುಸಿರಿಟ್ಟರೆ ಆತ ದಿಂಬು ಸರಿಪಡಿಸುವನು. ಇಬ್ಬರಿಗೂ ಪರಸ್ಪರ ಪ್ರೀತಿಗೇನೂ ಕಡಿಮೆಯಿರಲಿಲ್ಲ. ಇಬ್ಬರೂ ಉಸಿರಾಡುತ್ತಿದ್ದದ್ದು ಮಾತ್ರ ಒಂದೇ ಗಾಳಿಯನ್ನು, ಅದೂ ಅಂಟಿನ ವಾಸನೆಯ ಗಾಳಿಯನ್ನು.

ಅದಕ್ಕೇ ಆ ಒಂದೊಂದು ಉಂಡೆ ದಾರ. ಸಂಜೆಯಾಗುತ್ತಿದ್ದಂತೆ ಆತ ಏಳುತ್ತಿದ್ದ.

"ಎಲ್ಲಿಗೆ?"

"ದಾರ ಮುಗೀತಮ್ಮ."

"ನಿನ್ನೆ ತಂದಿದ್ಯಲ್ಲೋ. ತಿಂದ್ಯಾ ಅದನ್ನ?"

"ದಪ್ಪ ಪುಸ್ತಕ. ಕುಡಿದುಬಿಡ್ತು."

"ಸರಿ, ಹೋಗಿ ಬಾ."

ಆತ ಅಂಗಡಿಗೆ ಹೋಗುತ್ತಿದ್ದದ್ದು ನಿಜ. ಅಲ್ಲಿಂದ ನಾಲ್ಕು ಹೆಜ್ಜೆ ಮುಂದೆ, ಕಬ್ಬಿಣದ ಸಾಮಾನಿನ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ, ಹಮಾಲರೂ ಆಟೋದವರೂ ಕೇರಂ ಆಡುತ್ತಿದ್ದರು. ಆತ ಆಡುತ್ತಿರಲಿಲ್ಲ, ಕಂಬಕ್ಕೆ ಒರಗಿ ನೋಡುತ್ತಿದ್ದ. ರಾಣಿ ಕುಳಿಗೆ ಬೀಳುವ ಮೊದಲೇ, ಆಟ ಕಾವೇರಿದ ಹೊತ್ತಿನಲ್ಲಿಯೇ, ಸರಕ್ಕನೆ ತಿರುಗಿ ಮನೆಗೆ ನಡೆಯುತ್ತಿದ್ದ. ಶೆಡ್ಡಿನವರು ಆತನಿಗೆ 'ಅರ್ಧಾಟ' ಎಂದು ಹೆಸರಿಟ್ಟಿದ್ದರು. "ಬಂದ್ರಪ್ಪಾ ಅರ್ಧಾಟದೋರು, ಪೌಡರ್ ಹಾಕ್ರೋ," ಎಂದು ಯಾರಾದರೂ ಕೂಗಿದರೆ ಆತನ ಮುಖ ಅರಳುತ್ತಿತ್ತು. ನಾನು ಅತ್ತ ಹಾದುಹೋಗುವಾಗ ಆ ಮುಖವನ್ನು ಕಂಡಿದ್ದೇನೆ. ಮೇಜಿನ ಮುಂದೆ ಕೂತ ಮುಖವಲ್ಲ ಅದು.

ಹೀಗಿರುವಾಗ ತಂಗಿ ಬಂದಳು. ಬೇರೆ ಊರಿನಲ್ಲಿ ಕಚೇರಿಯನ್ನೂ ಮಕ್ಕಳನ್ನೂ ತೂಗಿಸಿಕೊಂಡು ಹೋಗುತ್ತಿದ್ದ ಹೆಣ್ಣುಮಗಳು. ತಾಯಿಯ ಆರೈಕೆ ಅಣ್ಣನೊಬ್ಬನ ಪಾಲಿಗೆ ಬಿತ್ತಲ್ಲ ಎಂಬ ಸಂಕಟ ಅವಳಿಗೆ. ಅವಳಿದ್ದ ದಿನವೇ ಅಣ್ಣ ದಾರಕ್ಕೆಂದು ಹೊರಟ. ಮರಳಿ ಬಂದಾಗ ಅವಳು ಬಾಗಿಲಲ್ಲಿಯೇ ನಿಂತಿದ್ದಳು.

"ಒಂದು ಉಂಡೆ ದಾರಕ್ಕೆ ಇಷ್ಟು ಹೊತ್ತಾ ಅಣ್ಣ? ನಾನಿಲ್ಲದಾಗ್ಲೂ ಹೀಗೇನಾ, ಅಮ್ಮನ್ನ ಒಬ್ಬಳನ್ನೇ ಬಿಟ್ಟು?"

ಆತ ಚಪ್ಪಲಿ ಕಳಚುತ್ತ ಏನೋ ಗೊಣಗಿದ.

"ಫೋನ್ ಕೊಡಿಲ್ಲಿ."

"ಯಾಕೆ?"

"ಕೊಡು ಅಂದೆ."

ಅವಳ ಬೆರಳು ಪರದೆಯ ಮೇಲೆ ಒಂದಿಷ್ಟು ಹೊತ್ತು ಓಡಾಡಿತು. "ನೋಡು, ಸಾಮಾನು ಮನೆಗೇ ತಂದ್ಕೊಡೋ ಆ್ಯಪ್ ಇದು, ಇದರಲ್ಲಿ ಸದಸ್ಯತ್ವ ಮಾಡ್ಸಿದೀನಿ. ವರ್ಷಕ್ಕೆ ಒಂದೇ ಸಲ ಕಟ್ಟೋದು, ಅದನ್ನ ನಾನು ಕಟ್ತೀನಿ. ಬೇಗ ತಂದ್ಕೊಡೋದಕ್ಕೆ ಬೇರೆ ಏನೂ ಕೇಳಲ್ಲ. ಬೆಳಗ್ಗೆ ಒತ್ತಿದ್ರೆ ಮಧ್ಯಾಹ್ನಕ್ಕೆ ಬಾಗಿಲಲ್ಲಿ. ಇನ್ನು ನೀನು ಹೊಸ್ತಿಲು ದಾಟೋದೇ ಬೇಡ."

ಒಳ್ಳೆಯ ಮನಸ್ಸಿನಿಂದ ಕೊಟ್ಟದ್ದು. ಬೇಡವೆನ್ನುವುದು ಹೇಗೆ? "ನಿನಗ್ಯಾಕಮ್ಮಾ ಖರ್ಚು," ಎಂದು ಮಾತ್ರ ಆತ ಹೇಳಿದ. ತಾಯಿ ಕಿಟಕಿಯ ಕಡೆಗೆ ಮುಖ ಮಾಡಿಕೊಂಡೇ, "ಒಳ್ಳೇದಾಯ್ತು ಬಿಡು," ಎಂದರು. ಪತ್ರಿಕೆ ಹಿಡಿದು ಕೂತಿದ್ದ ನಾನು, ಅಣ್ಣನ ಮೇಲೆ ತಂಗಿಗೆಷ್ಟು ಅಕ್ಕರೆ ಎಂದುಕೊಂಡೆ.

ಇಂತಹ ಸದಸ್ಯತ್ವ ಲಾಭವೇ ನಷ್ಟವೇ ಎಂಬ ಚರ್ಚೆ ನಮ್ಮ ಕಟ್ಟಡದ ಮೆಟ್ಟಿಲ ಮೇಲೆ ಆಗಾಗ ನಡೆಯುವುದುಂಟು. ಪಾಳಿಯಲ್ಲಿ ದುಡಿಯುವ ಕೆಳಮನೆಯ ನರ್ಸಮ್ಮ, "ನಂಗಂತೂ ಅದಿಲ್ಲದಿದ್ರೆ ಮನೇಲಿ ಹಾಲಿರಲ್ಲ, ಸೋಪಿರಲ್ಲ," ಎನ್ನುತ್ತಾರೆ. ಎದುರುಮನೆಯ ನಿವೃತ್ತ ಗುಮಾಸ್ತರು, "ಕಟ್ಟಿದ್ದೀವಲ್ಲ ಅಂತ ಬೇಡದ್ದೆಲ್ಲ ತರಿಸ್ತಾರೆ ಕಣ್ರೀ, ಅದೇ ಅವರ ಹಿಕ್ಮತ್ತು," ಎನ್ನುತ್ತಾರೆ. ಇಬ್ಬರ ಮಾತಿನಲ್ಲಿಯೂ ಹುರುಳಿದೆ. ಆದರೆ ಅಂಗಡಿಗೆ ಹೋಗುವವನು ಸಾಮಾನಿಗಾಗಿಯೇ ಹೋಗುತ್ತಾನೆ ಎಂಬುದನ್ನು ಇಬ್ಬರೂ ಮೊದಲೇ ಒಪ್ಪಿಕೊಂಡುಬಿಟ್ಟಿದ್ದರು. ಬೈಂಡರನ ವಿಷಯದಲ್ಲಿ ಅದೇ ತಪ್ಪು.

ಮೊದಲ ವಾರ ಆತ ಫೋನನ್ನು ಮುಟ್ಟಲಿಲ್ಲ. ಎಂದಿನಂತೆ ಸಂಜೆ ದಾರಕ್ಕೆ ಹೊರಟ. ವಾರದ ಕೊನೆಗೆ ತಂಗಿಯ ಕರೆ ಬಂತು. ಖಾತೆ ಅವಳ ಹೆಸರಿನಲ್ಲಿತ್ತಾಗಿ ಯಾರು ಏನು ತರಿಸಿದರೆಂಬುದು ಅವಳಿಗೆ ಅಲ್ಲಿಯೇ ಕಾಣುತ್ತಿತ್ತು. "ಅಣ್ಣ, ಏನೂ ತರಿಸಿಲ್ವಲ್ಲ? ಮತ್ತೆ ಹೊರಗೆ ಹೋಗ್ತಿದೀಯಾ? ಕೊಟ್ಟಿದ್ದು ದಂಡ ಮಾಡ್ಬೇಡ." ಅಂದು ಆತ ಮೊಟ್ಟಮೊದಲ ಬಾರಿಗೆ ದಾರ ತರಿಸಿದ. ಒಂದು ಉಂಡೆ ಸಿಗಲಿಲ್ಲ. ಹನ್ನೆರಡು ಉಂಡೆಗಳ ಪೆಟ್ಟಿಗೆಯೇ ಬಂತು. ಆ ಪೆಟ್ಟಿಗೆಯನ್ನು ಆತ ನೋಡಿದ ರೀತಿ ನನಗೆ ಇನ್ನೂ ನೆನಪಿದೆ. ಹನ್ನೆರಡು ಸಂಜೆಗಳನ್ನು ಯಾರೋ ಒಟ್ಟಿಗೆ ಕಟ್ಟಿ ತಂದು ಕೈಗಿಟ್ಟ ಹಾಗಿತ್ತು.

ಆತ ಸುಮ್ಮನೆ ಸೋಲಲಿಲ್ಲ. ಪುಸ್ತಕದ ಮೇಲುಹೊದಿಕೆಯ ಬಟ್ಟೆಯನ್ನು ಕೈಯಲ್ಲಿ ಮುಟ್ಟಿ ನೋಡದೆ ಕೊಳ್ಳಲಾಗದೆಂದು ಒಮ್ಮೆ ಎದ್ದ. "ಹಿಡಿಸದಿದ್ರೆ ವಾಪಸ್ ಒಯ್ತಾರೆ ಅಣ್ಣ, ಅದಕ್ಕೂ ಏನೂ ತಗೊಳ್ಳಲ್ಲ," ಎಂದು ಫೋನಿನಲ್ಲಿ ತಂಗಿ ದಾರಿ ಮುಚ್ಚಿದಳು. ರಟ್ಟಿನ ಮೂಲೆಗೆ ಹಾಕುವ ತಗಡು ಆ್ಯಪಿನವರಲ್ಲಿ ಸಿಗುವುದಿಲ್ಲವೆಂದು ನಂಬಿದ್ದ. ಒತ್ತಿ ನೋಡಿದರೆ ಮೂರು ಬಣ್ಣಗಳಲ್ಲಿ ಇತ್ತು. ಬೇಗ ಬೇಡ, ನಿಧಾನವಾಗಿಯೇ ಬರಲಿ ಎಂದು ಗುರುತು ಹಾಕಿದರೆ ಎಲ್ಲವೂ ಒಂದೇ ಡಬ್ಬದಲ್ಲಿ ಸೇರಿ ಬಂದು ಇನ್ನಷ್ಟು ದಿನಗಳ ನೆಪವನ್ನು ನುಂಗಿತು.

ಸಾಮಾನು ತರುತ್ತಿದ್ದವಳು ನಡುವಯಸ್ಸಿನ ಒಬ್ಬ ಹೆಂಗಸು. ತಲೆಯಿಂದ ಹೆಲ್ಮೆಟ್ ತೆಗೆದದ್ದನ್ನು ಯಾರೂ ನೋಡಿರಲಿಲ್ಲವಾಗಿ ತಾಯಿ ಅವಳಿಗೆ 'ಹೆಲ್ಮೆಟ್ಟಮ್ಮ' ಎಂದು ಹೆಸರಿಟ್ಟಿದ್ದರು. ಒಂದು ದಿನ ಸ್ಕೂಟರಿನ ಸದ್ದು ಕೇಳಿದೊಡನೆ ಬೈಂಡರ್, "ಪಾಪ, ಅವರು ಮೆಟ್ಟಿಲು ಹತ್ತೋದ್ಯಾಕೆ, ನಾನೇ ಹೋಗ್ತೀನಿ," ಎಂದು ಕೆಳಗಿಳಿದ. ನಾನೂ ಆಗ ಗೇಟಿನ ಬಳಿಯೇ ಇದ್ದೆ. ಎಷ್ಟೋ ದಿನಗಳ ಮೇಲೆ ಬೀದಿ ಕಂಡವನಂತೆ ಆತ ಆ ಕಡೆ ಈ ಕಡೆ ಕಣ್ಣು ಹಾಯಿಸಿದ.

"ಇಲ್ಲೇ ಕೊಡಿ, ನಿಮಗೆ ಹತ್ತೋದು ಉಳೀತು," ಎಂದ.

"ಆಗಲ್ಲ ಸಾರ್. ಬಾಗಿಲ ಮುಂದೆ ಇಟ್ಟು ಫೋಟೋ ತೆಗೀಬೇಕು. ಬಾಗಿಲು ಕಾಣದಿದ್ರೆ ನನ್ನ ಲೆಕ್ಕಕ್ಕೆ ಬರಲ್ಲ."

"ಗೇಟೂ ಬಾಗಿಲೇ ಅಲ್ವೇನ್ರೀ?"

"ನೀವು ಒಪ್ತೀರಿ, ಫೋನು ಒಪ್ಪಲ್ಲ. ನಡೀರಿ ಸಾರ್, ಇನ್ನೂ ಮೂರು ಮನೆ ಇದೆ."

ಆತ ಮುಂದೆ, ಅವಳು ಹಿಂದೆ. ಕೈದಿಯನ್ನು ಕೋಣೆಗೆ ಮುಟ್ಟಿಸುವ ಪೇದೆಯಂತೆ ಅವಳು ಆತನನ್ನು ಬಾಗಿಲಿನವರೆಗೂ ನಡೆಸಿಕೊಂಡು ಹೋಗಿ, ಡಬ್ಬವನ್ನು ಹೊಸ್ತಿಲ ಮುಂದಿಟ್ಟು, ಫೋಟೋ ತೆಗೆದುಕೊಂಡು ದಡದಡನೆ ಇಳಿದು ಹೋದಳು.

ಆ ಫೋಟೋಗಳೆಲ್ಲ ಆತನ ಫೋನಿಗೂ ಬರುತ್ತಿದ್ದವು. ಒಂದು ಸಂಜೆ ಅವುಗಳನ್ನು ನನಗೆ ತೋರಿಸಿದ. ಅದೇ ಬಾಗಿಲು, ಅದೇ ಹೊಸ್ತಿಲು, ಬೇರೆ ಬೇರೆ ಗಾತ್ರದ ಡಬ್ಬಗಳು. ಹೊಸ್ತಿಲಿನ ಒಳಗಡೆ ಬರಿಗಾಲಿನ ಹತ್ತು ಬೆರಳುಗಳು.

"ಯಾರಾದ್ರೂ ನನ್ನ ಬಗ್ಗೆ ಸಾಕ್ಷಿ ಕೇಳಿದ್ರೆ ಇದಿಷ್ಟು ಸಾಕು ಮೇಷ್ಟ್ರೇ," ಎಂದ. "ಎಲ್ಲೂ ಹೋಗಿಲ್ಲ ಈ ಕಾಲು."

ನಗಲೆಂದೇ ಹೇಳಿದ್ದ. ನನಗೆ ನಗು ಬರಲಿಲ್ಲ.

ಕೆಲಸದಲ್ಲಿಯೂ ಅದು ಕಾಣತೊಡಗಿತು. ನನ್ನದೊಂದು ಹಳೆಯ ವ್ಯಾಕರಣದ ಪುಸ್ತಕವನ್ನು ಕಟ್ಟಿಕೊಡಲು ಕೊಟ್ಟಿದ್ದೆ. ಮನೆಗೆ ತಂದು ತೆರೆದರೆ ಒಳಪುಟಗಳೆಲ್ಲ ತಲೆಕೆಳಗು. ಹೊಲಿಗೆ ಒಂದೊಂದೂ ನೆಟ್ಟಗಿತ್ತು, ಅಂಚು ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ರಟ್ಟು ಮಾತ್ರ ತಿರುಗುಮುರುಗಾಗಿ ಕೂತಿತ್ತು. ಇಷ್ಟು ವರ್ಷಗಳಲ್ಲಿ ಆತನ ಕೈಯಿಂದ ಇಂತಹ ತಪ್ಪು ನಡೆದದ್ದನ್ನು ನಾನು ಕಂಡಿರಲಿಲ್ಲ. ತೋರಿಸಿದಾಗ ಆತ ನಾಲಗೆ ಕಚ್ಚಿಕೊಂಡು, "ಬಿಡಿಸಿ ಮತ್ತೆ ಕಟ್ತೀನಿ, ಬಿಡುವಿಗೇನು ಬರ ನಂಗೆ," ಎಂದ.

ಕೋಣೆಯ ಗಾಳಿಯೂ ಬಿಗಿಯತೊಡಗಿತ್ತು. ಚಹಾ ಆರಿದೆಯೆಂದು ತಾಯಿ, ಕಿಟಕಿ ಮುಚ್ಚಿದರೆ ಅಂಟು ಒಣಗದೆಂದು ಮಗ. ಎರಡು ದಿನಕ್ಕೊಮ್ಮೆ ತಾಯಿಯ ಫೋನು ಸಂಜೆಯ ಅದೇ ಹೊತ್ತಿಗೆ ಗುಣುಗುಟ್ಟುತ್ತಿತ್ತು. ತಾಯಿ ಅದನ್ನು ಕಿವಿಗೆ ಹಿಡಿದು, ಮಗನ ಬೆನ್ನನ್ನೊಮ್ಮೆ ನೋಡಿ, "ರಾಂಗ್ ನಂಬರ್," ಎಂದು ಇಟ್ಟುಬಿಡುತ್ತಿದ್ದರು. ಎಕ್ಸ್‌ಚೇಂಜಿನಲ್ಲಿ ಬಾಳು ಸವೆಸಿದವರ ಮನೆಗೇ ಇಷ್ಟೊಂದು ತಪ್ಪು ಕರೆಗಳೇ ಎಂದು ನಾನು ಮನಸ್ಸಿನಲ್ಲಿಯೇ ಸೋಜಿಗಪಟ್ಟದ್ದುಂಟು.

ಒಂದು ಸಂಜೆ ಬೈಂಡರ್ ಕಾರಣವಿಲ್ಲದೆಯೇ ಎದ್ದು ಅಂಗಿ ತೊಟ್ಟ.

"ಎಲ್ಲಿಗೆ?" ಎಂದರು ತಾಯಿ.

ಆತ ಕೋಣೆಯನ್ನೆಲ್ಲ ಕಣ್ಣಲ್ಲಿಯೇ ಹುಡುಕಿದ. ದಾರವಿತ್ತು. ಹಿಟ್ಟಿತ್ತು. ಸೋಪು, ಸಕ್ಕರೆ, ರಟ್ಟು, ತಗಡು ಎಲ್ಲವೂ ಇತ್ತು. ಇಲ್ಲವೆನ್ನಲು ಒಂದು ವಸ್ತುವೂ ಇರಲಿಲ್ಲ.

"ಎಲ್ಲಿಗೂ ಇಲ್ಲ. ಸೆಕೆ," ಎಂದು ಅಂಗಿ ಕಳಚಿ ಮೊಳೆಗೆ ತೂಗುಹಾಕಿ ಮತ್ತೆ ಕೂತ. ಸೂಜಿಗೆ ದಾರ ಪೋಣಿಸಲು ಅಂದು ಆತನಿಗೆ ಬಹಳ ಹೊತ್ತು ಹಿಡಿಯಿತು.

ವರ್ಷ ತುಂಬುತ್ತ ಬಂದಿತ್ತು. ತಂಗಿಯ ಕರೆ ಬಂದಾಗ ನಾನು ಅಲ್ಲಿಯೇ ಇದ್ದೆ. ಅಂಟು ಹತ್ತಿದ ಕೈಯೆಂದು ಆತ ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರಿಗೆ ಹಾಕಿದ.

"ಅಣ್ಣ, ಸದಸ್ಯತ್ವ ಮುಗೀತಿದೆ. ಇನ್ನೊಂದು ವರ್ಷಕ್ಕೆ ಮುಂದುವರಿಸ್ತೀನಿ. ನೀನೇನಂತೀಯ, ಅನುಕೂಲ ಆಯ್ತು ತಾನೆ?"

ಬೈಂಡರನ ಕೈ ಅಂಟಿನ ಕುಂಚದ ಮೇಲೆಯೇ ನಿಂತಿತು. ಆತನ ಕಿವಿ ಕೆಂಪಾದದ್ದು ನನಗೆ ಕಾಣುತ್ತಿತ್ತು.

"ಬೇಡ ಅನ್ಸುತ್ತೆ," ಎಂದ ಮೆಲ್ಲಗೆ.

"ಬೇಡ್ವಾ? ಯಾಕೆ?"

"ಡಬ್ಬ ಜಾಸ್ತಿ ಆಗಿದೆ ಮನೇಲಿ. ಕಾಲಿಡೋಕೆ ಜಾಗ ಇಲ್ಲ."

"ಹಳೇ ಪೇಪರಿನವನಿಗೆ ಹಾಕು."

"ದಾರ ಅಷ್ಟು ಚೆನ್ನಾಗಿಲ್ಲ."

"ಬೇರೆ ಕಂಪನೀದು ತರಿಸು. ಹತ್ತಾರು ಥರ ಇದೆ."

"ಆ ಹೆಂಗಸಿಗೆ ಮೆಟ್ಟಿಲು ಹತ್ತೀ ಹತ್ತೀ ಸಾಕಾಗಿದೆ."

"ಅವಳ ಕೆಲಸ ಅಣ್ಣ ಅದು! ಮೇಷ್ಟ್ರಿದಾರಾ ಅಲ್ಲಿ? ಮೇಷ್ಟ್ರೇ, ನೀವಾದ್ರೂ ಹೇಳಿ. ಅಷ್ಟು ತರಿಸಿದ ಮೇಲೆ ಲಾಭವೋ ನಷ್ಟವೋ?"

"ಲೆಕ್ಕಕ್ಕೇನೋ ಲಾಭವೇ ತಾಯಿ," ಎಂದೆ. "ಆದರೆ ನಿಮ್ಮಣ್ಣನಿಗೆ ಏನು ಬೇಕು ಅನ್ನೋದು ಲೆಕ್ಕದಲ್ಲಿ ಬರೋದಿಲ್ಲ. ಅವನನ್ನೇ ಕೇಳಬೇಕು."

"ಹೇಳಣ್ಣ ಹಾಗಾದ್ರೆ. ಏನು ನಿನ್ನ ಕಷ್ಟ?"

ಆತ ಬಾಯಿ ತೆರೆದ. ಮಂಚದ ಕಡೆ ನೋಡಿದ. 'ನನಗೆ ಒಂದು ಗಳಿಗೆ ಹೊರಗೆ ಹೋಗಬೇಕು' ಎಂದು ಆತ ಹೇಳಿದ್ದರೆ ಸಾಕಾಗಿತ್ತು. ಆದರೆ ಆ ಮಾತನ್ನು ಹೇಳಬೇಕಾದದ್ದು ಆ ಮಂಚದ ಎದುರಿಗೆ, ಒದ್ದೆ ನೆಲದ ಮೇಲೆ ಸಂಜೆಯವರೆಗೆ ಕಾದವರ ಎದುರಿಗೆ. ತೆರೆದ ಬಾಯಿ ಹಾಗೆಯೇ ಮುಚ್ಚಿಕೊಂಡಿತು.

"ಕಷ್ಟ ಏನಿಲ್ಲ. ಮುಂದುವರಿಸು," ಎಂದ.

"ಅಷ್ಟೇ ತಾನೆ? ಅದು ಆಗ್ಲೇ ಮುಂದುವರಿದಾಯ್ತು, ನಿನ್ನೇನೇ ದುಡ್ಡು ತಾನಾಗೇ ಹೋಗಿಬಿಟ್ಟಿದೆ. ಸುಮ್ನೆ ಒಂದು ಮಾತು ಕೇಳೋಣ ಅಂತ…"

"ಲೈನ್ ಕಟ್ ಮಾಡೋ," ಎಂದರು ತಾಯಿ.

ಆಪರೇಟರ್ ಆಗಿದ್ದ ಕಾಲದ ದನಿಯಿರಬೇಕು ಅದು. ಆತ ಅಂಟಿನ ಬೆರಳಿನಿಂದಲೇ ಫೋನನ್ನು ಒತ್ತಿದ.

"ಬಾಯಲ್ಲೇನು ಅಂಟು ಹಾಕ್ಕೊಂಡಿದೀಯಾ?" ಎಂದರು. "ಹೊರಗೆ ಹೋಗ್ಬೇಕು ಅನ್ನೋಕೆ ಇಷ್ಟು ಒದ್ದಾಟವೇನೋ?"

"ಅಮ್ಮ, ನಾನು ಹಾಗೆಲ್ಲಿ…"

"ಕಿವಿ ಇದೆ ಕಣೋ ನಂಗೆ. ಮೊದಲು ದಾರಕ್ಕೆ ಹೋಗ್ತಿದ್ಯಲ್ಲ, ಮೆಟ್ಟಿಲು ಇಳಿಯುವಾಗ ಶಾಲೆ ಬಿಟ್ಟ ಹುಡುಗನ ಹಾಗೆ ಇಳೀತಿದ್ದೆ. ಹತ್ತುವಾಗ ಮುದುಕನ ಹಾಗೆ ಹತ್ತಿ ಬರ್ತಿದ್ದೆ. ನಂಗೆ ಗೊತ್ತಾಗಲ್ವಾ ದಾರ ಎಲ್ಲಿತ್ತು ಅಂತ?"

"ಗೊತ್ತಿದ್ರೆ ಮತ್ತೆ ದಿನಾ ಎಲ್ಲಿಗೆ, ಎಲ್ಲಿಗೆ ಅಂತ ಯಾಕೆ ಕೇಳ್ತಿದ್ದೆ?" ಆತನ ದನಿ ಮೊದಲ ಬಾರಿಗೆ ಏರಿತು.

"ಅಯ್ಯೋ, ಅದು ನನ್ನ ಬಾಯಿಚಟ ಕಣೋ! ಜೀವಮಾನವೆಲ್ಲ 'ಎಲ್ಲಿಗೆ, ಎಲ್ಲಿಗೆ' ಅಂತ ಕೇಳಿಯೇ ಸಂಬಳ ಎಣಿಸಿದೋಳು ನಾನು. ಯಾವ ಊರಿಗೆ ಅಂತ ಕೇಳ್ತಿದ್ದೆ, ಲೈನ್ ಕೊಡ್ತಿದ್ದೆ. ತಡೆಯೋಕೆ ಕೇಳಿದ್ದಲ್ಲ ಅದು, ಕಳಿಸೋಕೆ ಕೇಳಿದ್ದು."

ಬೈಂಡರ್ ಕುಂಚವನ್ನು ಬಟ್ಟಲಿಗೆ ಇಳಿಬಿಟ್ಟ.

"ಆಸ್ಪತ್ರೇಲಿ ಒಂದು ಮಾತಂದೆ," ಎಂದರು ಅವರು, ಈಗ ಸ್ವಲ್ಪ ತಗ್ಗಿ. "ನೋವಲ್ಲಿ ಅಂದೆ. ಅಂದ ಮೇಲೆ ನಾನೇ 'ಹೋಗು' ಅಂದ್ರೆ, ಅಮ್ಮ ಅಟ್ತಿದಾಳೆ ಅಂದ್ಕೋತೀಯ. 'ಇರು' ಅಂದ್ರೆ ಕಟ್ಟಿ ಹಾಕಿದ ಹಾಗೆ. ಬಾಯಿ ಮುಚ್ಕೊಂಡೆ. ನಿನ್ನ ತಂಗಿ ಬಂದು ಇದೊಂದು ಬೀಗ ಬೇರೆ ಜಡಿದು ಹೋದ್ಲು. ನನಗೂ ಉಸಿರು ಕಟ್ಟಿದೆ ಕಣೋ."

"ನಿಂಗೇನಾಯ್ತು?"

"ನಂಗೇನಾಗಿಲ್ಲ ಅಂತ ಕೇಳು! ಬೆಳಗಿಂದ ಸಂಜೆವರೆಗೆ ನಿನ್ನ ಬೆನ್ನು ನೋಡ್ಕೊಂಡು ಬಿದ್ದಿದೀನಿ. ನೀನು ದಾರಕ್ಕೆ ಹೋದ ಹೊತ್ತಲ್ಲಿ ನನ್ನ ಗೆಳತಿ ಫೋನ್ ಮಾಡ್ತಿದ್ಲು, ನನ್ನ ಪಕ್ಕದ ಬೋರ್ಡಲ್ಲಿ ಕೂತ್ಕೋತಿದ್ಲಲ್ಲ, ಅವಳು. ಅವಳ ಸೊಸೆ ಪುರಾಣ ಅವಳು, ನಿನ್ನ ಪುರಾಣ ನಾನು. ಅಷ್ಟು ಬೈದ ಮೇಲೆ ನಿನ್ನ ಮೇಲೆ ಮತ್ತೆ ಪ್ರೀತಿ ಬರ್ತಿತ್ತು. ಈಗ ಹೇಗೆ ಬೈಯೋದು? ನಿನ್ನೆದುರಿಗೇ ನಿನ್ನ ಬೈಯೋಕಾಗುತ್ತಾ? ಒಂದು ವರ್ಷದಿಂದ ಅವಳಿಗೆ ರಾಂಗ್ ನಂಬರ್ ಅಂತ ಹೇಳಿ ಇಡ್ತಿದೀನಿ, ಪಾಪ."

ಬೈಂಡರ್ ನನ್ನ ಕಡೆ ನೋಡಿದ. ಆತನ ಮುಖದಲ್ಲಿ ಅಳುವಿತ್ತೋ ನಗುವಿತ್ತೋ ನಾನು ಹೇಳಲಾರೆ.

"ಸರಿ, ಏಳು," ಎಂದರು ತಾಯಿ. "ಹೋಗಿ ಬಾ. ನೀರು ಪಕ್ಕದಲ್ಲಿದೆ, ಫೋನಿದೆ, ಕೆಳಗೆ ಮೇಷ್ಟ್ರಿದಾರೆ. ಈ ಮಂಚ ಬಿಟ್ಟು ಇಳಿಯಲ್ಲ ನಾನು."

"ಏನು ತರಲಿ?"

"ಏನೂ ತರಬೇಡ."

ಆತ ಅಂಗಿ ತೊಟ್ಟ. ಚೀಲವನ್ನು ಕೈಗೆ ತೆಗೆದುಕೊಂಡು, ಏಕೆಂದು ತಿಳಿಯದೆ, ಮರಳಿ ಇಟ್ಟ. ಚಪ್ಪಲಿ ಮೆಟ್ಟಿ ಹೊಸ್ತಿಲಲ್ಲಿ ನಿಂತು ಜೇಬು ಮುಟ್ಟಿ ನೋಡಿಕೊಂಡ. ಕೆಲಸವಿಲ್ಲದೆ ಹೊರಗೆ ಹೋಗುವುದು ಹೇಗೆಂದು ಆತ ಕಲಿತೇ ಇರಲಿಲ್ಲ. "ಬೇಗ ಬರ್ತೀನಿ," ಎಂದ. ಬಾಗಿಲು ಮುಚ್ಚಿತು.

ಹೆಜ್ಜೆಯ ಸದ್ದು ಕೆಳಗಿಳಿಯಿತು. ಮೆಟ್ಟಿಲಿನ ಮೊದಲ ತಿರುವಿನಲ್ಲಿ ನಿಂತುಹೋಯಿತು.

"ನಿಂತ," ಎಂದರು ತಾಯಿ ಕಣ್ಣು ಮುಚ್ಚಿ.

ಇಬ್ಬರೂ ಕಿವಿಗೊಟ್ಟೆವು. ಇಳಿಯುವ ಹೆಜ್ಜೆ ಕೇಳಲಿಲ್ಲ. ಹತ್ತುವುದೂ ಕೇಳಲಿಲ್ಲ. ಆತ ಆ ಅರೆಗತ್ತಲೆಯ ತಿರುವಿನಲ್ಲಿ ಕಂಬಿ ಹಿಡಿದು ನಿಂತಿರುವುದು ನನ್ನ ಕಣ್ಣಿಗೆ ಕಟ್ಟಿತು. ಕರೆದರೆ ಬಂದುಬಿಡುತ್ತಿದ್ದ. ಸುಮ್ಮನಿದ್ದರೂ ಬಂದುಬಿಡುತ್ತಿದ್ದನೇನೋ.

ತಾಯಿ ದಿಂಬಿನ ಕೆಳಗಿನಿಂದ ಫೋನು ತೆಗೆದರು. ಮಂಕು ಕಣ್ಣಿಗೆ ಅಂಕಿಗಳು ಬೇಕಿರಲಿಲ್ಲ. ಬೆರಳೇ ಗುರುತಿನಿಂದ ಒತ್ತಿತು. ಅತ್ತ ಯಾರೋ ಎತ್ತಿಕೊಂಡ ಕೂಡಲೇ ಅವರು ಇಡೀ ಕಟ್ಟಡಕ್ಕೆ ಕೇಳುವಂತೆ ದನಿಯೇರಿಸಿದರು.

"ಯಾರೇ ಅದು? ನಾನೇ ಕಣೇ! ಇಲ್ಲ ಕಣೇ, ರಾಂಗ್ ನಂಬರ್ ಅಲ್ಲ. ಅವನು ಮನೇಲಿಲ್ಲ. ಹೊರಗೆ ಹೋದ. ಕೇಳು ಇಲ್ಲಿ, ನನ್ನ ಮಗ ಇದಾನಲ್ಲ, ಅವನಂಥ ಮೊದ್ದು ಈ ಊರಲ್ಲಿ ಇನ್ನೊಂದಿಲ್ಲ ಕಣೇ…"

ಕೆಳಗೆ ತಿರುವಿನಲ್ಲಿ ಒಂದು ಹೆಜ್ಜೆ ಕೇಳಿತು. ಇನ್ನೊಂದು ಕೇಳಿತು. ಆಮೇಲೆ ಅವು ಇಳಿಯುತ್ತ ಹೋದವು. ಓಟವೇನಲ್ಲ, ತಡವರಿಸುತ್ತ, ಮೆಟ್ಟಿಲಿಗೊಮ್ಮೆ ಯೋಚಿಸುತ್ತ ಇಳಿದವು. ಗೇಟಿನ ಚಿಲಕ ಸದ್ದು ಮಾಡಿತು.

ನಾನು ಪತ್ರಿಕೆಯನ್ನು ಬಿಡಿಸಿದೆ. ತಾಯಿ ಫೋನಿನ ಮೇಲೆ ಅಂಗೈ ಮುಚ್ಚಿ ನನ್ನ ಕಡೆ ಮುಖ ತಿರುಗಿಸಿದರು.

"ಮೇಷ್ಟ್ರೇ," ಎಂದರು, "ತಪ್ಪು ತಿಳೀಬೇಡಿ. ನೀವೂ ಹೊರಡಿ."